ಇಸ್ತ್ರಿಪೆಟ್ಟಿಗೆಯ ಅಡುಗೆ

ಗೇನರಳ ಕೋಣೆಯಲ್ಲಿದ್ದ ಮೈಕ್ರೋವೇವನ್ನು ಹೋಟೆಲಿನವರು ಎತ್ತಿಕೊಂಡು ಹೋದರು. ಮನೆ ಕಳೆದುಕೊಂಡವರನ್ನು ಊರಿನ ಕೌನ್ಸಿಲ್ ಈ ಕಡಲೆದುರಿನ ಹೋಟೆಲಿಗೆ ತುಂಬಿದ ಮೇಲೆ ಕಾರ್ಪೆಟ್ಟಿಗೆಲ್ಲ ಅಡುಗೆ ವಾಸನೆ ಹಿಡಿಯಿತಂತೆ. ಬಾಗಿಲ ಹಿಂದೆ ಫಲಕ ಅಂಟಿಸಿದರು: ಕೋಣೆಯಲ್ಲಿ ಅಡುಗೆ ಮಾಡಿದವರು ಅಂದೇ ಹೊರಗೆ.

ಮರುದಿನ ಚರ್ಚಿನಲ್ಲಿ ಬಡವರಿಗೆ ಆಹಾರ ಹಂಚಿದಾಗ ಅವಳ ಪಾಲಿಗೆ ಬಂದದ್ದು ಒಂದು ಚೀಲ ಹಿಮಗಟ್ಟಿದ ತಿಂಡಿ, ಸೂಪರ್‌ಮಾರ್ಕೆಟ್ಟಿನಲ್ಲಿ ಯಾರೂ ಕೊಳ್ಳದೆ ಉಳಿದದ್ದು. ಕರ್ಜಿಕಾಯಿಯಂತೆ ಅಂಚು ಮಡಿಸಿದ ಪೋಲೆಂಡಿನ ಕಡುಬು, ಕೊರಿಯಾದ ಯಾವುದೋ ಅಕ್ಕಿಹಿಟ್ಟಿನ ಕೊಳವೆಯಂಥ ತಿನಿಸು. ನಿನ್ನ ಬಳಿ ಒಲೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಕಿಟಕಿಯ ಹೊರಗಿನ ಅಂಚೇ ಅವಳ ಫ್ರಿಜ್ಜು. ಫೆಬ್ರವರಿಯ ಚಳಿಯನ್ನು ನಂಬಿ ಇಟ್ಟಳು. ಚಳಿಯೂ ಕೈಕೊಟ್ಟಿತು. ಬಿಸಿಲು ಬಿದ್ದು ಚೀಲದಿಂದ ನೀರು ತೊಟ್ಟಿಕ್ಕತೊಡಗಿತು. ಈಗಲೇ ಬೇಯಿಸದಿದ್ದರೆ ಎಲ್ಲ ಹಳಸುತ್ತದೆ. ಶಾಲೆಗೆ ರಜೆ; ಅಂದರೆ ಮಗಳು ಬೆಥನಿಯ ಬಿಸಿಯೂಟಕ್ಕೂ ರಜೆ.

"ಗಾಬರಿ ಆಗ್ಬೇಡ ಕಣೇ," ಎಂದಳು ಪಕ್ಕದ ಕೋಣೆಯ ಮುದುಕಿ ಆಲ್ವೆನ್. ವರ್ಷಗಳಿಂದ 'ತಾತ್ಕಾಲಿಕ'ವಾಗಿ ಅಲ್ಲಿದ್ದವಳು. ಕುರ್ಚಿ ಹತ್ತಿ, ಹೋಟೆಲಿನವರು ಸ್ನಾನಕ್ಕೆಂದು ಕೊಡುವ ಪ್ಲಾಸ್ಟಿಕ್ ಟೋಪಿಯನ್ನು ಹೊಗೆ ಕಂಡರೆ ಕೂಗುವ ಚಾವಣಿಯ ಗಂಟೆಗೆ ತೊಡಿಸಿದಳು. "ಪಾಪ, ಇದರ ಕೂದ್ಲು ನೆನೀಬಾರ್ದು ನೋಡು."

ಅಕ್ಕಿ ಕೊಳವೆಗಳು ಫ್ಲಾಸ್ಕಿನ ಕುದಿನೀರಿಗೆ ಇಳಿದವು. ಗೇನರ್ ಪೋಲಿಷ್ ಅಕ್ಷರಗಳಿದ್ದ ಕಡುಬಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಳಗೇನಿದೆ ಅಂತಾನೇ ಗೊತ್ತಾಗ್ತಿಲ್ಲ. ಸಿಹಿನೋ, ಮಾಂಸಾನೋ?"

"ಹಸಿದ ಹೊಟ್ಟೆ ಕೇಳುತ್ತಾ? ಫಾಯಿಲ್‌ನಲ್ಲಿ ಸುತ್ತು, ಮೇಲೆ ಇಸ್ತ್ರಿ ಒತ್ತು. ಈ ಹೋಟ್ಲಲ್ಲಿ ಅಂಗಿಗಿಂತ ಊಟಾನೇ ಜಾಸ್ತಿ ಇಸ್ತ್ರಿ ಆಗೋದು."

ಈರುಳ್ಳಿಯ ಘಮ ಎದ್ದಿತು. "ಅಮ್ಮಾ, ಆಲೂಗಡ್ಡೆ!" ಎಂದು ಬೆಥನಿ ಕುಣಿದಳು. ಗೇನರ್ ಅವಳ ಬಾಯಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದಳು. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಇಸ್ತ್ರಿಪೆಟ್ಟಿಗೆ ಮೇಲೇಳುತ್ತಿತ್ತು; ಸದ್ದು ದೂರವಾದ ಮೇಲೆ ಇಳಿಯುತ್ತಿತ್ತು. ಕಡೆಯ ಸಲ ಸದ್ದು ದೂರವಾಗಲಿಲ್ಲ. ಬಾಗಿಲು ಬಡಿಯಲೂ ಇಲ್ಲ. ಬೀಗದಲ್ಲಿ ಕೀಲಿ ತಿರುಗಿತು.

ಮ್ಯಾನೇಜರ್ ಪ್ರೆಂಟಿಸ್ ಒದ್ದೆ ಟವೆಲನ್ನು ಕಾಲಿಂದ ಸರಿಸಿ ಒಳಬಂದ. ಚಾವಣಿಯ ಟೋಪಿ ನೋಡಿದ. ಫಾಯಿಲ್ ನೋಡಿದ.

"ಬಾಗಿಲ ಹಿಂದೆ ಬರೆದಿರೋದು ಓದೋಕೆ ಬರಲ್ವಾ ನಿಂಗೆ?"

"ಬರುತ್ತೆ. ಓದೋಕೆ ಬರದಿರೋದು ಈ ಪೊಟ್ಟಣ ಮಾತ್ರ."

"ನಾನೊಂದು ಫೋನ್ ಮಾಡಿದ್ರೆ ಕೌನ್ಸಿಲ್‌ನೋರು ಏನಂತಾರೆ ಗೊತ್ತಾ? ಇವಳು ಬೇಕಂತಾನೇ ಇದ್ದ ಸೂರು ಕಳ್ಕೊಂಡವಳು ಅಂತಾರೆ. ಆಮೇಲೆ ನಿಂಗೆ, ನಿನ್ನ ಮಗೂಗೆ ಎಲ್ಲೂ ರೂಮ್ ಇಲ್ಲ."

ಪ್ರೆಂಟಿಸ್ ಜೇಬಿನಿಂದ ಕಪ್ಪು ಕಸದ ಚೀಲ ತೆಗೆದು ಬಿಡಿಸಿದ. ದನಿ ತಗ್ಗಿಸಿದ. "ನಂಗೂ ಮಕ್ಕಳಿದ್ದಾರಮ್ಮ. ಇಸ್ತ್ರಿ ಆರಿಸು, ಎಲ್ಲಾನೂ ಇದ್ರೊಳಗೆ ಸುರಿ. ನಾನು ನೋಡೇ ಇಲ್ಲ ಅಂದ್ಕೋತೀನಿ."

ಗೇನರಳ ಕೈ ಸ್ವಿಚ್ಚಿನವರೆಗೂ ಹೋಯಿತು. ಮಂಚದ ಮೇಲೆ ಬೆಥನಿ ತೊಡೆಗೆ ಟಿಶ್ಯೂ ಹಾಸಿಕೊಂಡು, ಪ್ಲಾಸ್ಟಿಕ್ ಚಮಚ ಹಿಡಿದು, ಆಗಲೇ ಊಟಕ್ಕೆ ಕುಳಿತಿದ್ದಳು.

ಗೇನರ್ ಫಾಯಿಲ್ ಪೊಟ್ಟಣವನ್ನು ಮಗುಚಿದಳು. ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿದಳು. ಅದು ಸುಯ್ಯೆಂದಿತು.

"ಬಾಗಿಲು ಹಾಕಿ ನಿಂತ್ಕೊಳ್ಳಿ," ಎಂದಳು. "ಇನ್ನೊಂದು ಮಗ್ಗುಲು ಬೇಯ್ಬೇಕು."