ಕಲಿತ ಬೆನ್ನು

ಕೈರೋಪ್ರಾಕ್ಟಿಕ್ ಕಾಲೇಜು ಸೇರಿ ಮೂರು ತಿಂಗಳಾದರೂ ಆ ಹುಡುಗಿಯ ಕೈಗೆ ಯಾರೂ ಬೆನ್ನೊಡ್ಡಲಿಲ್ಲ. ಬೆನ್ನುಮೂಳೆಯನ್ನು ಬೆರಳಿಂದ ತಡವಿ, ಒತ್ತಿ ಸರಿಪಡಿಸುವ ವಿದ್ಯೆ ಅದು. ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಲಿಯಬೇಕು. ಆದರೆ ದಿನವೂ ಉಳಿದವರ ಕಲಿಕೆಗೆ ಮೇಜಿನ ಮೇಲೆ ಮಲಗುತ್ತಿದ್ದವಳು ಅವಳೊಬ್ಬಳೇ.

"ನನ್ನ ಸರದಿ ಯಾವಾಗ, ಸಾರ್?"

"ನಿಂಗೆ ಪ್ಲಾಸ್ಟಿಕ್ ಅಸ್ಥಿಪಂಜರ ಇದೆಯಲ್ಲಮ್ಮ."

"ನೋವಾದ್ರೆ ಅದು ಹೇಳಲ್ಲ, ಸಾರ್."

ಹಿಂದಿನ ಸಾಲಿನಲ್ಲೊಬ್ಬ ನಕ್ಕ. "ಅವರಪ್ಪ ಸತ್ತ ದನ ಸುಲಿಯೋನು ಕಣ್ರೋ. ಆ ಕೈ ನಮ್ಮ ಮೈಮೇಲಾ?"

ಮೇಷ್ಟ್ರು ಕೇಳಿಸದವರಂತೆ ಹಾಜರಿ ಕರೆದರು.

ಮೊದಲ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಂಬರಿನ ಪ್ರಕಾರ ಜೋಡಿ ಮಾಡಿದರು. ನಕ್ಕಿದ್ದವನ ಮುಂದೆ ದಢೂತಿ ಹುಡುಗನೊಬ್ಬ ಬೋರಲು ಮಲಗಿದ.

"ಸೊಂಟದ ನಾಲ್ಕನೇ ಮೂಳೆ ತೋರಿಸಿ."

ಅವನ ಬೆರಳು ಮೇಲೆ ಕೆಳಗೆ ಅಲೆದಾಡಿತು. ಸಿಗಲಿಲ್ಲ. ಅವನ ನಂತರ ಬಂದವನಿಗೂ ಸಿಗಲಿಲ್ಲ, ಮೂರನೆಯವಳಿಗೂ ಸಿಗಲಿಲ್ಲ. ಪರೀಕ್ಷಕರು ಪೆನ್ನು ಕೆಳಗಿಟ್ಟು ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಬೆವರೊರೆಸಿಕೊಂಡು ಹುಡುಗಿಯ ಬಳಿಗೆ ಓಡಿ ಬಂದರು. "ಬೇಗ ಹೋಗಿ ಮಲಗಮ್ಮ. ಇವರೆಲ್ಲ ಕಲಿತಿರೋದು ನಿನ್ನ ಬೆನ್ನೊಂದೇ!"

"ಮಲಗಲ್ಲ, ಸಾರ್. ನನ್ನ ನಂಬರ್ ಕರೀರಿ."