ರ್ಯಾಮ್ ತಿಕ್ಕಿದ ರಬ್ಬರು

ಮಗನ ಕಂಪಾಸ್ ಪೆಟ್ಟಿಗೆಯ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಕಮಲಾಪುರದ ನಮ್ಮ ಮನೆಯ ಆ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತೇನೆ.

ಅವ್ವ ಟೀಚರ್ ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಲು ಅಂದೇ ಕಡೆಯ ದಿನ, ಸಂಜೆ ಐದರವರೆಗೆ ಮಾತ್ರ ವೇಳೆ. ಸೋದರಮಾವ ಕೊಟ್ಟಿದ್ದ ಕಂಪ್ಯೂಟರು ಇನ್ನೂ ಜೋರಾಗಿ ಓಡಲೆಂದು ಅಪ್ಪ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಿಂದ ಹಳೆಯ ರ್ಯಾಮ್ ಎಂಬ ಮೆಮೊರಿ ಪಟ್ಟಿಯೊಂದನ್ನು ತಂದು, ಯಾರನ್ನೂ ಕೇಳದೆ, ಮೊದಲಿದ್ದ ಪಟ್ಟಿಯ ಪಕ್ಕದಲ್ಲಿ ಸಿಕ್ಕಿಸಿದ. ಪರದೆ ಕಪ್ಪಗೆ ಕೂತುಬಿಟ್ಟಿತು. ಒಳಗಿನಿಂದ ಬೀಪ್, ಬೀಪ್ ಎಂಬ ಕೂಗು ಮಾತ್ರ. ಅವ್ವ ಡಿಗ್ರಿ ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟುಕೊಂಡು ಕದಲದೆ ಕೂತಿದ್ದಳು.

ರಿಪೇರಿಯ ಖಾದರ್ ಚಾಚಾ ಬಂದಾಗ ನಾಲ್ಕೂವರೆ. ನನ್ನ ರಬ್ಬರು ಕೇಳಿ ತೆಗೆದುಕೊಂಡು ಎರಡೂ ಪಟ್ಟಿಗಳ ಹೊಂಬಣ್ಣದ ಅಂಚನ್ನು ಕೊಳೆ ಹೋಗುವಂತೆ ತಿಕ್ಕಿ ಮತ್ತೆ ಹಾಕಿದರು. ಮತ್ತೆ ಬೀಪ್.

"ಎರಡೂ ಚಲೋನೇ ಅವರೀ, ಆದ್ರ ಕೂಡಿ ನಡೀವಲ್ಲವು," ಅಂದರು ಚಾಚಾ. "ಸೆಟ್ಟಿಂಗ್ ಬದಲಿ ಮಾಡಿದ್ರ ನಡೀಬಹುದು. ಆದ್ರ ನೀವು ತಂದದ್ದು ಮೆಲ್ಲಕ ಓಡ್ತದ. ಮೊದಲಿಂದು ಜೋರ್ ಇದ್ರೂ ಅದರಂಗೇ ಮೆಲ್ಲಕ ಓಡಬೇಕಾಗ್ತದ."

"ಹಂಗೇ ಮಾಡ್ರಿ. ನಾ ತಂದದ್ದೂ ಇರಲಿ," ಅಂದ ಅಪ್ಪ.

ಅವ್ವ ಗಡಿಯಾರ ನೋಡಿದಳು.

"ಯಾವಾಗ್ಲೂ ಜೋರ್ ಇದ್ದದ್ದೇ ಯಾಕ ಮೆಲ್ಲಗಾಗ್ಬೇಕು? ಇವರು ತಂದದ್ದು ತೆಗೀರಿ, ಖಾದರ್ ಭಾಯಿ."

ಅಪ್ಪನ ಎದುರಿಗೆ ಅವ್ವನ ಅಷ್ಟು ಗಟ್ಟಿ ದನಿಯನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಚಾಚಾ ಅಪ್ಪನ ಮುಖ ನೋಡದೆ ಪಟ್ಟಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. ಪರದೆ ಬೆಳಗಿತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಅವ್ವನ ಅರ್ಜಿ ಹೋಯಿತು.

ಅಪ್ಪ ಬಾಗಿಲ ಹತ್ತಿರ ನಿಂತು, ನನ್ನ ರಬ್ಬರಿನಿಂದ ಆ ಪಟ್ಟಿಯನ್ನು ಇನ್ನೂ ತಿಕ್ಕುತ್ತಲೇ ಇದ್ದ.