ತಾನಾಗಿ ಮುಚ್ಚುವ ಡಬ್ಬಿ

"ಮಹಾಸ್ವಾಮಿ..." ಎಂದು ವಕೀಲೆ ಬಾಯಿ ತೆರೆದದ್ದೇ ತಡ, ಹಿಂದೆ ಕೂತಿದ್ದ ಕಕ್ಷಿದಾರ ಅವಳ ಗೌನು ಹಿಡಿದೆಳೆದ. "ಮಾತಾಡ್ಬೇಡಿ ಮೇಡಂ. ವಿದೇಶದ ಕೋರ್ಟು ಈಗಷ್ಟೇ ತಡೆಯಾಜ್ಞೆ ಕೊಟ್ಟಿದೆಯಂತೆ. ಇಲ್ಲಿ ಕೇಸು ಮುಂದುವರಿಸಿದ್ರೆ ಅಲ್ಲಿ ನನ್ನ ವ್ಯಾಪಾರಕ್ಕೆ ಬೀಗ."

ಜಗಳದ ಮೂಲ ಅವಳ ಕೈಯಲ್ಲೇ ಇತ್ತು: ತಾನಾಗಿ ಮುಚ್ಚಿಕೊಳ್ಳುವ ಡಬ್ಬಿ. ಅದರ ಪೇಟೆಂಟ್ ತನ್ನದೆಂದು ಕಕ್ಷಿದಾರ ಇಲ್ಲಿ ದಾವೆ ಹೂಡಿದ್ದರೆ, ಎದುರಾಳಿ ಸಮುದ್ರದಾಚೆ ಹೂಡಿದ್ದ. ಅವನು ಅಲ್ಲಿ ಕೇಸು ನಡೆಸದಂತೆ ತಡೆಯಿರಿ ಎಂದು ಕೇಳಲು ಇವಳು ಎದ್ದು ನಿಂತಿದ್ದಳು. ಆ ಪುಣ್ಯಾತ್ಮ ಅದನ್ನೇ ಅಲ್ಲಿ ಮೊದಲು ಕೇಳಿಬಿಟ್ಟಿದ್ದ. ಸೀನಿಯರ್‌ಗಳ ಫೈಲು ಹೊತ್ತು ಹೊತ್ತು ಕೊನೆಗೂ ಸಿಕ್ಕಿದ್ದ ಮೊದಲ ಸ್ವಂತ ಕೇಸು. ನೋಡಲೆಂದು ಅಪ್ಪ ಅಮ್ಮ ಬೇರೆ ಬಂದು ಕೂತಿದ್ದರು.

"ಹೇಳಿ" ಎಂದರು ನ್ಯಾಯಾಧೀಶರು. ವಾರವಿಡೀ ಕನ್ನಡಿಯೆದುರು ಮಾಡಿದ ವಾದ ನಾಲಿಗೆಯ ತುದಿಯಲ್ಲೇ ಇತ್ತು. ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು. ಮುಂದಿನ ವಾಯಿದೆ ಕೇಳಿ ಅವಳೂ ಬಾಯಿ ಮುಚ್ಚಿಕೊಂಡಳು.

ಹೊರಗೆ ಕಾರಿಡಾರಿನಲ್ಲಿ ಅಪ್ಪ ಜವಾನನನ್ನು ಹಿಡಿದು ನಿಲ್ಲಿಸಿ, ಪೇಟೆಂಟ್ ಎಂದರೇನೆಂದು ಮೊದಲಿನಿಂದ ವಿವರಿಸುತ್ತಿದ್ದರು. ಜವಾನ ಆಗಲೇ ಎರಡು ಸಲ ಆಕಳಿಸಿದ್ದ. ನಡೆದದ್ದನ್ನೆಲ್ಲ ಮಗಳಿಂದ ಕೇಳಿ ತಿಳಿದ ಅಮ್ಮ ಅವಳ ಬೆನ್ನು ಸವರಿದಳು.

"ಆ ವಿದೇಶದ ಜಡ್ಜು ನಿನ್ನ ಮುಖಾನೂ ನೋಡಿಲ್ವಾ?"

"ಇಲ್ಲಮ್ಮ."

"ಅಷ್ಟು ದೂರ ಕೂತ್ಕೊಂಡೇ ನಿನ್ನಂಥವಳ ಬಾಯಿ ಮುಚ್ಚಿಸಿದ್ರಲ್ಲ." ಅಮ್ಮ ಗಂಡನ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. "ನಿಮ್ಮಪ್ಪಂಗೂ ಅಂಥದ್ದೊಂದು ತಡೆಯಾಜ್ಞೆ ತರಿಸಿಕೊಡ್ತೀಯಾ?"